ಬಿಸಿಲು ಮಳೆ ತಾಳುವ ಪರೀಕ್ಷೆಗೆ ಯಾವ ಯಂತ್ರ: ಯುವಿ ಟ್ಯೂಬಿನ ಪೆಟ್ಟಿಗೆಯೋ, ಕ್ಸೆನಾನ್ ದೀಪದ್ದೋ?

ಬಣ್ಣ, ಪ್ಲಾಸ್ಟಿಕ್ಕು ಹೊರಗೆ ಎಷ್ಟು ಬಾಳುತ್ತವೆ ಅಂತ ಬೇಗ ತಿಳಿಯಲು ಅವನ್ನು ಬೆಳಕು, ಬಿಸಿ, ನೀರು ಕೊಡುವ ಯಂತ್ರದಲ್ಲಿ ಇಡುತ್ತಾರೆ. ಬೆಳಕು ಯುವಿ (ಅತಿನೇರಳೆ) ಟ್ಯೂಬಿನಿಂದ ಬರಬಹುದು, ಇಲ್ಲವೇ ಕ್ಸೆನಾನ್ ಅನಿಲ ತುಂಬಿದ ದೀಪದಿಂದ. ಬಣ್ಣದ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ‘ನಿಮ್ಮ ಯಂತ್ರದಲ್ಲಿ ಎಷ್ಟು ಗಂಟೆ ಇಟ್ಟರೆ ಹೊರಗಿನ ಒಂದು ವರ್ಷಕ್ಕೆ ಸಮ?’ ನಾನೂ ಶುರುವಿನಲ್ಲಿ ಇದನ್ನೇ ಕೇಳುತ್ತಿದ್ದೆ. ಒಂದು ಸಂಖ್ಯೆ ಸಿಕ್ಕಿದರೆ ಲೆಕ್ಕ ಮುಗಿಯಿತು ಅಂದುಕೊಂಡಿದ್ದೆ. ಅಂಥ ಸಂಖ್ಯೆ ಇಲ್ಲ. ಒಂದೇ ಯಂತ್ರದಲ್ಲಿ ಪಾಲಿಯೆಸ್ಟರ್ ಪುಡಿ ಬಣ್ಣಕ್ಕೆ (ಪೌಡರ್ ಕೋಟಿಂಗ್) ಒಂದು ಲೆಕ್ಕ ಬಂದರೆ ಎಪಾಕ್ಸಿಗೆ ಇನ್ನೊಂದು ಬರುತ್ತದೆ. ಅದೇ ಬಣ್ಣವನ್ನು ಮರುಭೂಮಿಯ ಬಿಸಿಲಿನಲ್ಲಿ ಇಟ್ಟರೆ ಒಂದು, ಕಡಲತೀರದ ತೇವದಲ್ಲಿ ಇಟ್ಟರೆ ಮತ್ತೊಂದು. ‘1000 ಗಂಟೆ ಅಂದರೆ ಇಷ್ಟು ವರ್ಷ’ ಅಂತ ಯಾರಾದರೂ ಎಲ್ಲ ವಸ್ತುವಿಗೂ ಸೇರಿಸಿ ಹೇಳಿದರೆ ಅವರ ಮಾತನ್ನು ನಂಬಿ ಯಂತ್ರ ಕೊಳ್ಳಬೇಡಿ.

ಯಂತ್ರ ಆರಿಸುವಾಗ ವೇಗ ಕೊನೆಗೆ ನೋಡುವ ವಿಷಯ. ನಿಮ್ಮ ವಸ್ತು ಹೊರಗೆ ಹೇಗೆ ಕೆಡುತ್ತದೋ, ಯಂತ್ರದೊಳಗೂ ಹಾಗೇ ಕೆಡಬೇಕು. ಹೊರಗೆ ಬಣ್ಣ ಮಾಸುವ ವಸ್ತು ಒಳಗೆ ಬಿರುಕು ಬಿಟ್ಟರೆ ಆ ಪರೀಕ್ಷೆ ಎಷ್ಟೇ ಬೇಗ ಮುಗಿದರೂ ಏನೂ ಹೇಳುವುದಿಲ್ಲ. ಹಾಗಾಗಿ ಕ್ಯಾಟಲಾಗ್ ತೆರೆಯುವ ಮೊದಲು ಹೊರಗೆ ಹಾಳಾದ ನಿಮ್ಮದೇ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ಹೊಳಪು ಹೋಗಿದೆಯಾ? ಬೆರಳಿಂದ ಉಜ್ಜಿದರೆ ಬಿಳಿ ಪುಡಿ ಬರುತ್ತದಾ? ಹಳದಿಯಾಗಿದೆಯಾ? ಬಗ್ಗಿಸಿದರೆ ಪಟ್ಟನೆ ಮುರಿಯುತ್ತದಾ? ಇದಕ್ಕೆ ಸಿಗುವ ಉತ್ತರವೇ ಅರ್ಧ ಆಯ್ಕೆ ಮಾಡಿಕೊಡುತ್ತದೆ.

ವಸ್ತುವನ್ನು ಕೆಡಿಸುವುದು ಏನು?

ಬೆಳಕು, ಬಿಸಿ, ನೀರು. ಈ ಮೂರೂ ಸೇರಿ ಕೆಲಸ ಮಾಡುತ್ತವೆ. ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಯುವಿ ಪಾಲು ನೂರಕ್ಕೆ ಐದಾರರಷ್ಟು ಮಾತ್ರ. ಆದರೆ ಪ್ಲಾಸ್ಟಿಕ್ಕು, ಬಣ್ಣಗಳ ಒಳಗಿನ ಅಣುಗಳ ಕೊಂಡಿಗಳನ್ನು ಮುರಿಯುವುದರಲ್ಲಿ ಅದರದ್ದೇ ದೊಡ್ಡ ಕೈ. ತರಂಗಾಂತರ ಗಿಡ್ಡವಾದಷ್ಟೂ ಏಟು ಜೋರು. ಸುಮಾರು 295 ನ್ಯಾನೊಮೀಟರಿಗಿಂತ ಗಿಡ್ಡ ಕಿರಣಗಳನ್ನು ಓಝೋನ್ ಪದರ ತಡೆಯುತ್ತದೆ. ಅವು ನೆಲಕ್ಕೆ ಬರುವುದೇ ಇಲ್ಲ. ಈ 295 ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಸಿ ಒಬ್ಬಂಟಿಯಾಗಿ ಅಷ್ಟು ಕೆಡಿಸದಿದ್ದರೂ, ಬೆಳಕು ಶುರು ಮಾಡಿದ ಕೆಲಸವನ್ನು ಓಡಿಸುತ್ತದೆ. ಇನ್ನು ನೀರು. ಹೊರಗಿಟ್ಟ ವಸ್ತು ಮಳೆಯಲ್ಲೇ ಹೆಚ್ಚು ನೆನೆಯುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಕಡೆ ಹಾಗಲ್ಲ. ಇಬ್ಬನಿ ರಾತ್ರಿಯಿಡೀ ಮೇಲ್ಮೈ ಮೇಲೆ ಕೂತಿರುತ್ತದೆ. ಮಳೆ ಬಂದು ಹೋಗುತ್ತದೆ, ಇಬ್ಬನಿ ಗಂಟೆಗಟ್ಟಲೆ ಉಳಿದು ನಿಧಾನವಾಗಿ ಒಳಗೆ ಇಳಿಯುತ್ತದೆ.

ಯುವಿ ಟ್ಯೂಬಿನ ಪೆಟ್ಟಿಗೆ

ಲ್ಯಾಬುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ. ಎ ಅಕ್ಷರದ ಆಕಾರದಲ್ಲಿ ಎರಡು ಇಳಿಜಾರು ಗೋಡೆ, ಒಳಗೆ ಸಾಲಾಗಿ ಎಂಟು ಟ್ಯೂಬ್. ನೋಡಲು ಮನೆಯ ಟ್ಯೂಬ್‌ಲೈಟಿನ ಹಾಗೇ ಇರುತ್ತವೆ. ಸ್ಯಾಂಪಲ್ ಪ್ಯಾನೆಲ್‌ಗಳೇ ಪೆಟ್ಟಿಗೆಯ ಗೋಡೆ. ಮುಖ ಒಳಗಡೆ ಟ್ಯೂಬಿನ ಕಡೆಗೆ, ಬೆನ್ನು ಹೊರಗಡೆ ಕೋಣೆಯ ಗಾಳಿಗೆ.

ಈ ಬೆನ್ನಿನ ವಿಷಯದಲ್ಲೇ ಯಂತ್ರದ ಜಾಣತನ ಇದೆ. ತಳದ ತಟ್ಟೆಯಲ್ಲಿ ನೀರು ಕಾಯುತ್ತದೆ, ಆವಿ ಮೇಲೇರುತ್ತದೆ. ಪ್ಯಾನೆಲ್ಲಿನ ಬೆನ್ನು ತಂಪಾಗಿರುವುದರಿಂದ ಮುಖದ ಮೇಲೆ ಇಬ್ಬನಿ ಕಟ್ಟುತ್ತದೆ. ಕತ್ತಲೆಯ ಹೊತ್ತಿನಲ್ಲಿ ಒಂದು ಪ್ಯಾನೆಲ್ ತೆಗೆದು ನೋಡಿದರೆ ಸಣ್ಣ ಹನಿಗಳು ಸೇರಿ ದೊಡ್ಡದಾಗಿ, ತೂಕ ತಡೆಯದೆ ಗೆರೆ ಬಿಡುತ್ತಾ ಜಾರುವುದು ಕಾಣುತ್ತದೆ. ಬೆಳಗಿನ ಜಾವ ಹೊರಗೆ ನಿಲ್ಲಿಸಿದ ಗಾಡಿಯ ಬಾನೆಟ್ ಮೇಲೆ ಕಾಣುವುದೂ ಇದೇ ಅಲ್ವಾ? ಕಾದು ಆವಿಯಾದ ನೀರು ತಾನಾಗಿಯೇ ಶುದ್ಧವಾಗಿರುತ್ತದೆ. ಹಾಗಾಗಿ ಇಬ್ಬನಿಗೆ ಮಾತ್ರ ಆದರೆ ನಲ್ಲಿ ನೀರೇ ಸಾಕು. ಇದು ಚಿಕ್ಕ ಅನುಕೂಲವಲ್ಲ, ಕ್ಸೆನಾನ್ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಪರೀಕ್ಷೆ ಹೇಗೆ ಮಾಡಬೇಕು ಅಂತ ಸ್ಟ್ಯಾಂಡರ್ಡ್ ಬರೆದಿಡುವ ಸಂಸ್ಥೆಗಳು ಎಎಸ್‌ಟಿಎಂ, ಐಎಸ್‌ಒ. ಅವುಗಳ ಎಎಸ್‌ಟಿಎಂ ಜಿ154 ಮತ್ತು ಐಎಸ್‌ಒ 4892ರ 3ನೇ ಭಾಗ ಈ ಪೆಟ್ಟಿಗೆಯ ಮುಖ್ಯ ಸ್ಟ್ಯಾಂಡರ್ಡ್‌ಗಳು. ಹೆಚ್ಚು ಬಳಕೆಯಲ್ಲಿರುವ ಒಂದು ಸೈಕಲ್, ಅಂದರೆ ಮತ್ತೆ ಮತ್ತೆ ಬರುವ ಸುತ್ತು, ಹೀಗಿದೆ: 60 ಡಿಗ್ರಿಯಲ್ಲಿ 8 ಗಂಟೆ ಯುವಿ, ಆಮೇಲೆ ದೀಪ ಆರಿಸಿ 50 ಡಿಗ್ರಿಯಲ್ಲಿ 4 ಗಂಟೆ ಇಬ್ಬನಿ. ಮತ್ತೆ ಮೊದಲಿಂದ.

ಟ್ಯೂಬಿನಲ್ಲಿ ಮೂರು ಬಗೆ ಇವೆ. ಎಲ್ಲರೂ ಎಡವುವ ಜಾಗ ಇದೇ. ಯುವಿಎ-340 ಅನ್ನುವ ಟ್ಯೂಬು 295ರಿಂದ ಸುಮಾರು 365 ನ್ಯಾನೊಮೀಟರ್ ತನಕ ನಿಜವಾದ ಬಿಸಿಲಿಗೆ ತುಂಬಾ ಹತ್ತಿರ ಇದೆ. ಯುವಿಎ-351 ಕಿಟಕಿ ಗಾಜಿನ ಹಿಂದೆ ಬೀಳುವ ಬಿಸಿಲಿಗೆ. ಯುವಿಬಿ-313 ಮಾತ್ರ 295ಕ್ಕಿಂತ ಕೆಳಗೂ ಬೆಳಕು ಬಿಡುತ್ತದೆ, ಅಂದರೆ ಭೂಮಿಯ ಮೇಲೆ ಇಲ್ಲದ ಬೆಳಕನ್ನು. ಬೇಗ ಕೆಡಿಸುತ್ತದೆ ಅನ್ನುವುದು ನಿಜ. ಆದರೆ ಹೊರಗೆ ಎಂದೂ ಮುರಿಯದ ಕೊಂಡಿಗಳನ್ನೂ ಮುರಿದು ಹಾಕುತ್ತದೆ. ಹೊರಗೆ ಚೆನ್ನಾಗಿ ಬಾಳುವ ಬಣ್ಣ ಇದರಲ್ಲಿ ಫೇಲ್ ಆಗಬಹುದು. ಇನ್ನೂ ಕೆಟ್ಟದ್ದು, ಎರಡು ಬಣ್ಣಗಳಲ್ಲಿ ಯಾವುದು ಮೇಲು ಅನ್ನುವ ಸರದಿಯೇ ತಲೆಕೆಳಗಾಗಬಹುದು. ಒಂದೇ ಫಾರ್ಮುಲಾದ ಬ್ಯಾಚ್‌ಗಳನ್ನು ಒಂದಕ್ಕೊಂದು ಹೋಲಿಸಲು, ಅಥವಾ ತೀರಾ ಗಟ್ಟಿಯಾದ ಫ್ಲೋರೋಪಾಲಿಮರ್ ಬಣ್ಣಗಳಲ್ಲಿ ಏನಾದರೂ ಬದಲಾವಣೆ ಕಾಣಲು ಯುವಿಬಿ ಬಳಸಿ, ತಪ್ಪಿಲ್ಲ. ಹೊಸ ಫಾರ್ಮುಲಾದ ಹಣೆಬರಹವನ್ನು ಅದರ ಕೈಗೆ ಕೊಡಬೇಡಿ.

ಈ ಪೆಟ್ಟಿಗೆಗೆ ಆಗದ ಕೆಲಸವೂ ಇದೆ. ಟ್ಯೂಬಿನಲ್ಲಿ ಕಣ್ಣಿಗೆ ಕಾಣುವ ಬೆಳಕು ಇಲ್ಲವೆನ್ನುವಷ್ಟು ಕಡಿಮೆ, ಶಾಖದ ಕಿರಣವೂ ಅಷ್ಟೇ. ಹೊರಗೆ ಕಪ್ಪು ತಗಡು ಬಿಳಿ ತಗಡಿಗಿಂತ ಎಷ್ಟು ಕಾಯುತ್ತದೆ ಅಂತ ಮುಟ್ಟಿದವರಿಗೆಲ್ಲ ಗೊತ್ತು. ಇಲ್ಲಿ ಎರಡೂ ಒಂದೇ ಬಿಸಿಯಲ್ಲಿ ಇರುತ್ತವೆ. ಬಣ್ಣ ಮಾಸುವ ವಿಷಯದಲ್ಲೂ ಇದೇ ತೊಡಕು. ನಾವು ಒಮ್ಮೆ ಒಂದು ಕೆಂಪು ಬಣ್ಣವನ್ನು ಈ ಪೆಟ್ಟಿಗೆಯಲ್ಲಿ ಇಟ್ಟು, ಹೊಳಪು ಉಳಿದಿದೆ, ಬಣ್ಣವೂ ಸರಿ ಇದೆ ಅಂತ ಬರೆದು ಕಳಿಸಿದೆವು. ಹೊರಗೆ ಹಾಕಿದ ಅದೇ ಬಣ್ಣ ಗುಲಾಬಿಗೆ ತಿರುಗಿತು. ಬಣ್ಣವನ್ನು ಹಿಡಿದಿಡುವ ರಾಳ ಗಟ್ಟಿಯಾಗೇ ಇತ್ತು, ಮಾಸಿದ್ದು ಒಳಗಿನ ಸಾವಯವ ವರ್ಣದ್ರವ್ಯ. ಅದನ್ನು ಮಾಸಿಸಿದ ಕಾಣುವ ಬೆಳಕು ನಮ್ಮ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ತಪ್ಪು ಯಂತ್ರದ್ದಲ್ಲ, ಕೇಳಬಾರದ ಪ್ರಶ್ನೆಯನ್ನು ಅದಕ್ಕೆ ಕೇಳಿದ್ದು ನಾವು.

ದಪ್ಪ ಮರ, ಫೋಮ್ ಇಂಥವುಗಳಿಗೂ ಇಬ್ಬನಿ ಸರಿಯಾಗಿ ಕಟ್ಟುವುದಿಲ್ಲ. ಬೆನ್ನಿನ ತಂಪು ಮುಖದ ತನಕ ಬರುವುದಿಲ್ಲ ನೋಡಿ. ಅದಕ್ಕೆ ನೀರು ಸಿಂಪಡಿಸುವ ಸೌಲಭ್ಯ ಇರುವ ಮಾದರಿಯನ್ನೇ ನೋಡಬೇಕು.

ಕ್ಸೆನಾನ್ ದೀಪದ ಯಂತ್ರ

ಯುವಿಯಿಂದ ಕಾಣುವ ಬೆಳಕು, ಅಲ್ಲಿಂದ ಶಾಖದ ಕಿರಣದ ತನಕ ಇಡೀ ಬಿಸಿಲನ್ನು ಪೆಟ್ಟಿಗೆಯೊಳಗೆ ತರುವ ಯಂತ್ರ ಬೇಕೆಂದರೆ ಕ್ಸೆನಾನ್. ಎಎಸ್‌ಟಿಎಂ ಜಿ155, ಐಎಸ್‌ಒ 4892ರ 2ನೇ ಭಾಗ ಇದರದ್ದು. ಕಾರಿನ ಹೊರಭಾಗಕ್ಕೆ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2527, ಒಳಭಾಗಕ್ಕೆ ಜೆ2412, ಬಟ್ಟೆಯ ಬಣ್ಣಕ್ಕೆ ಐಎಸ್‌ಒ 105-ಬಿ02 ಇವೆಲ್ಲ ಕ್ಸೆನಾನ್ ದೀಪವನ್ನೇ ಬಳಸುತ್ತವೆ.

ಆದರೆ ಬರಿಯ ಕ್ಸೆನಾನ್ ದೀಪ ಬಿಸಿಲಲ್ಲ. ಅದರ ಬೆಳಕಿನಲ್ಲಿ 295ಕ್ಕಿಂತ ಕೆಳಗಿನ ಕಿರಣಗಳು ಬೇಕಾದಷ್ಟಿವೆ. ಫಿಲ್ಟರ್ ಹಾಕಿದ ಮೇಲೇ ಅದು ಬಿಸಿಲಾಗುವುದು. ಹಗಲ ಬೆಳಕಿನ ಫಿಲ್ಟರ್ ಹಾಕಿದರೆ ಹೊರಗಿನ ಬಿಸಿಲು, ಕಿಟಕಿ ಗಾಜಿನ ಫಿಲ್ಟರ್ ಹಾಕಿದರೆ ಕೋಣೆಯೊಳಗಿನ ಬಿಸಿಲು. ಹಳೆಯ ಕೆಲವು ವಾಹನ ಪರೀಕ್ಷೆಗಳಲ್ಲಿ ಬರುವ ಮೂರನೇ ಬಗೆಯ ಫಿಲ್ಟರ್ ಗಿಡ್ಡ ಯುವಿಯನ್ನು ಸ್ವಲ್ಪ ಜಾಸ್ತಿಯೇ ಬಿಡುತ್ತದೆ. ಅದರದ್ದೂ ಯುವಿಬಿ ಟ್ಯೂಬಿನದ್ದೇ ಕಥೆ. ಯಾರಾದರೂ ‘ಕ್ಸೆನಾನ್‌ನಲ್ಲಿ ಪರೀಕ್ಷೆ ಮಾಡಿದ್ದೇವೆ’ ಅಂದರೆ ಮುಂದಿನ ಪ್ರಶ್ನೆ ‘ಯಾವ ಫಿಲ್ಟರ್?’ ಅಂತಲೇ ಇರಬೇಕು.

ಸಾಮಾನ್ಯ ಸೈಕಲ್‌ನಲ್ಲಿ 102 ನಿಮಿಷ ಬರಿಯ ಬೆಳಕು, ನಂತರ 18 ನಿಮಿಷ ಬೆಳಕಿನ ಜೊತೆ ನೀರಿನ ಸಿಂಪರಣೆ. ನನ್ನ ಅಭಿಪ್ರಾಯದಲ್ಲಿ ಕ್ಸೆನಾನ್‌ನ ದುರ್ಬಲ ಜಾಗ ಇದೇ. 18 ನಿಮಿಷ ನೀರು ಬಿದ್ದರೆ ಮೇಲ್ಮೈ ತೊಳೆದು ತಂಪಾಗುತ್ತದೆ. ಆದರೆ ರಾತ್ರಿಯಿಡೀ ಕೂತ ಇಬ್ಬನಿಯ ಹಾಗೆ ನೀರು ಒಳಗೆ ಇಳಿಯುವುದಿಲ್ಲ. ವಾಹನದ ಬಣ್ಣದವರು ಇದನ್ನು ಗಮನಿಸಿಯೇ ಎಎಸ್‌ಟಿಎಂ ಡಿ7869 ಅನ್ನುವ ವಿಧಾನ ತಂದರು. ಅದರಲ್ಲಿ ಕತ್ತಲೆಯಲ್ಲಿ ಗಂಟೆಗಟ್ಟಲೆ ನೆನೆಸುವ ಹಂತಗಳಿವೆ. ಹೊರಾಂಗಣ ಬಣ್ಣ, ಅದರಲ್ಲೂ ಪದರ ಏಳುವ ಅಥವಾ ಗುಳ್ಳೆ ಬರುವ ತೊಂದರೆ ನಿಮ್ಮದಾದರೆ ಸುಮ್ನೆ 102/18 ಹಾಕಿ ನಿಶ್ಚಿಂತೆಯಾಗಿ ಇರಬೇಡಿ.

ಇನ್ನು ಆ ನೀರಿನ ಮಾತು. ಸಿಂಪಡಿಸುವ ನೀರು ತೀರಾ ಶುದ್ಧವಾಗಿರಬೇಕು. ಕರಗಿದ ಘನವಸ್ತು ಲೀಟರಿಗೆ 1 ಮಿಲಿಗ್ರಾಂ, ಸಿಲಿಕಾ 0.2 ಮಿಲಿಗ್ರಾಂ ದಾಟಬಾರದು. ವಿದ್ಯುತ್ ವಾಹಕತೆಯ ಮೀಟರ್ ಚೆನ್ನಾಗಿ ತೋರಿಸುತ್ತಿದೆ ಅಂತ ನಂಬಿದರೂ ಸಿಲಿಕಾ ನುಸುಳಿ ಬರಬಹುದು, ಮೀಟರಿಗೆ ಅದು ಅಷ್ಟಾಗಿ ಕಾಣುವುದಿಲ್ಲ. ನಮ್ಮಲ್ಲಿ ಒಂದು ಸಲ ಕಡು ನೀಲಿ ಪ್ಯಾನೆಲ್‌ಗಳ ಮೇಲೆಲ್ಲ ಮಂಕು ಬಿಳಿ ಪೊರೆ ಬಂತು. ಬಣ್ಣ ಪುಡಿ ಏಳುತ್ತಿದೆ ಅಂತ ಗಾಬರಿಯಾದೆವು. ಆಮೇಲೆ ಕಪ್ಪು ಬಟ್ಟೆಯಿಂದ ಒತ್ತಿ ಉಜ್ಜಿ ನೋಡಿದೆ. ಬಣ್ಣ ಪುಡಿ ಎದ್ದಿದ್ದರೆ ಬಟ್ಟೆಗೆ ಅಂಟಬೇಕಿತ್ತು. ಬಟ್ಟೆ ಕಪ್ಪಾಗೇ ಇತ್ತು, ಪೊರೆ ಜಾಗ ಬಿಟ್ಟು ಕದಲಲಿಲ್ಲ. ನೀರು ಶುದ್ಧ ಮಾಡುವ ಘಟಕದೊಳಗಿನ ರಾಳ ಸವೆದು ಸಿಲಿಕಾ ಬಂದಿತ್ತು. ವಾರಗಟ್ಟಲೆ ಓಡಿಸಿದ ಪರೀಕ್ಷೆ ನೀರುಪಾಲು. ಕ್ಸೆನಾನ್ ಕೊಳ್ಳುವವರು ಯಂತ್ರದ ಖರ್ಚಿನ ಜೊತೆಗೆ ನೀರು ಶುದ್ಧ ಮಾಡುವ ಘಟಕದ ಖರ್ಚನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳಲಿ.

ದೀಪ ಹಳೆಯದಾಗುತ್ತದೆ, ಫಿಲ್ಟರ್ ಕೂಡ ಹಳೆಯದಾಗುತ್ತದೆ. ಎರಡನ್ನೂ ಗಂಟೆ ಲೆಕ್ಕ ಇಟ್ಟು ಬದಲಿಸಬೇಕು. ಕರೆಂಟು ಜಾಸ್ತಿ ಬೇಕು, ಯಂತ್ರದ ಬಿಸಿ ಗಾಳಿಯನ್ನು ಕೋಣೆಯಿಂದ ಹೊರಗೆ ಹಾಕಬೇಕು. ಟ್ಯೂಬಿನ ಪೆಟ್ಟಿಗೆಗಿಂತ ಕೊಳ್ಳುವ ಬೆಲೆಯೂ ಜಾಸ್ತಿ, ಸಾಕುವ ಖರ್ಚೂ ಜಾಸ್ತಿ.

ಕ್ಸೆನಾನ್‌ನಲ್ಲಿ ಎರಡು ಆಕಾರ ಸಿಗುತ್ತವೆ. ನಡುವೆ ದೀಪ ಇಟ್ಟು ಸುತ್ತ ಸ್ಯಾಂಪಲ್ ತಿರುಗಿಸುವುದು ಒಂದು. ಕೆಳಗೆ ತಟ್ಟೆಯಲ್ಲಿ ಸ್ಯಾಂಪಲ್ ಹರಡಿ ಮೇಲಿಂದ ಬೆಳಕು ಬಿಡುವುದು ಇನ್ನೊಂದು. ತಿರುಗುವುದರಲ್ಲಿ ಎಲ್ಲ ಸ್ಯಾಂಪಲ್‌ಗೂ ಬೆಳಕು ಹೆಚ್ಚುಕಡಿಮೆ ಸಮನಾಗಿ ಸಿಗುತ್ತದೆ. ತಟ್ಟೆಯದ್ದರಲ್ಲಿ ಸ್ಯಾಂಪಲ್‌ಗಳ ಜಾಗವನ್ನು ಆಗಾಗ ಕೈಯಾರೆ ಬದಲಿಸುತ್ತಿರಬೇಕು. ಆದರೆ ಉಬ್ಬುತಗ್ಗಿನ ಭಾಗಗಳು, ಇಡಿಯ ವಸ್ತುಗಳು, ಬಾಟಲಿಯಂಥವು ತಟ್ಟೆಯ ಮೇಲೇ ಚೆನ್ನಾಗಿ ಕೂರುತ್ತವೆ. ಚಪ್ಪಟೆ ಪ್ಯಾನೆಲ್ ಮಾತ್ರ ಪರೀಕ್ಷಿಸುವವರಿಗೆ ತಿರುಗುವುದು, ಬಗೆಬಗೆಯ ಆಕಾರ ಬರುವ ಲ್ಯಾಬಿಗೆ ತಟ್ಟೆಯದ್ದು.

ಉಳಿದವುಗಳ ಬಗ್ಗೆ ಒಂದೆರಡು ಮಾತು

ಇಂಗಾಲದ ಕಡ್ಡಿಗಳ ನಡುವೆ ಕಿಡಿ ಉರಿಸುವ ಕಾರ್ಬನ್ ಆರ್ಕ್ ದೀಪ ಎಲ್ಲಕ್ಕಿಂತ ಹಳೆಯದು. ಅದರ ಬೆಳಕು ಬಿಸಿಲಿಗೆ ಅಷ್ಟು ಹೊಂದುವುದಿಲ್ಲ. ಗ್ರಾಹಕರ ಹಳೆಯ ಸ್ಪೆಸಿಫಿಕೇಶನ್‌ನಲ್ಲಿ ಅದೇ ಬೇಕು ಅಂತ ಬರೆದಿದ್ದರೆ, ಅಥವಾ ದಶಕಗಳ ಹಳೆಯ ಡೇಟಾದ ಜೊತೆ ಹೋಲಿಸಬೇಕಿದ್ದರೆ ಮಾತ್ರ ಯೋಚಿಸಿ. ಹೊಸದಾಗಿ ಶುರು ಮಾಡುವವರಿಗೆ ಬೇಡ. ಮೆಟಲ್ ಹ್ಯಾಲೈಡ್ ದೀಪಗಳು ದೊಡ್ಡ ಜಾಗಕ್ಕೆ ಬೆಳಕು ಕೊಡುತ್ತವೆ. ಇಡೀ ಡ್ಯಾಶ್‌ಬೋರ್ಡ್ ಅಥವಾ ಇಡೀ ಕಾರನ್ನೇ ಕೋಣೆಯಲ್ಲಿ ಇಟ್ಟು ಬಿಸಿಲು ಕಾಯಿಸುವ ಕೆಲಸಕ್ಕೆ ಅವು ಸರಿ.

ಉಪ್ಪು ನೀರಿನ ಮಂಜಿನ ಪೆಟ್ಟಿಗೆಯನ್ನು ಇವುಗಳ ಸಾಲಿಗೆ ಸೇರಿಸಿ ಕೇಳುವವರು ಬಹಳ. ಎಎಸ್‌ಟಿಎಂ ಬಿ117 ಪ್ರಕಾರ ನೂರಕ್ಕೆ 5ರ ಉಪ್ಪು ನೀರನ್ನು 35 ಡಿಗ್ರಿಯಲ್ಲಿ ಬಿಡದೆ ಮಂಜಾಗಿ ಬಿಡುವ ಪರೀಕ್ಷೆ ಅದು. ಅಲ್ಲಿ ಬೆಳಕೂ ಇಲ್ಲ, ಒಣಗುವ ಹೊತ್ತೂ ಇಲ್ಲ. ತುಕ್ಕಿನ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ, ಅದನ್ನೂ ಅರ್ಧಂಬರ್ಧ. ಉಕ್ಕಿಗೆ ಬಳಿಯುವ ಬಣ್ಣವಾದರೆ ಬಿಸಿಲು ಮೊದಲು ಬಣ್ಣವನ್ನು ಬಲಹೀನ ಮಾಡುತ್ತದೆ, ಆಮೇಲೆ ತುಕ್ಕು ನುಗ್ಗುತ್ತದೆ. ಎಎಸ್‌ಟಿಎಂ ಡಿ5894 ಇದನ್ನು ಚೆನ್ನಾಗಿ ಹಿಡಿದಿದೆ. ಒಂದು ವಾರ ಯುವಿ ಪೆಟ್ಟಿಗೆ, ಮುಂದಿನ ವಾರ ತೆಳು ಉಪ್ಪಿನ ಮಂಜು ಮತ್ತು ಒಣಗುವಿಕೆ, ಹೀಗೆ ಅದಲುಬದಲು. ಸೇತುವೆ, ಟ್ಯಾಂಕು, ಹೊರಗಿನ ಉಕ್ಕಿನ ಚೌಕಟ್ಟು ಇಂಥವುಗಳ ಬಣ್ಣಕ್ಕೆ ದುಬಾರಿ ಕ್ಸೆನಾನ್‌ಗಿಂತ ಈ ಜೋಡಿ ಎಷ್ಟೋ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಂತ್ರವನ್ನೇ ಕೊಳ್ಳದೆ ಸೂರ್ಯನನ್ನೇ ದುಡಿಸಿಕೊಳ್ಳುವ ದಾರಿಯೂ ಇದೆ. ಎಎಸ್‌ಟಿಎಂ ಜಿ90 ವಿಧಾನದಲ್ಲಿ ಹತ್ತು ಚಪ್ಪಟೆ ಕನ್ನಡಿಗಳು ಸೂರ್ಯನ ಜೊತೆಗೇ ತಿರುಗುತ್ತಾ ಬಿಸಿಲನ್ನು ಸ್ಯಾಂಪಲ್ ಮೇಲೆ ಒಟ್ಟುಮಾಡುತ್ತವೆ. ಫ್ಯಾನಿನ ಗಾಳಿ ತಂಪು ಮಾಡುತ್ತಿರುತ್ತದೆ. ಬೆಳಕು ಅಸಲಿ. ಆದರೆ ಮೋಡವಿಲ್ಲದ ಆಕಾಶ ಬೇಕು. ಅದಕ್ಕೇ ಅಮೆರಿಕದ ಅರಿಜೋನಾ ಮರುಭೂಮಿ ಇದಕ್ಕೆ ಹೆಸರುವಾಸಿ. ಬಿಸಿಲಿನ ಜೊತೆ ತೇವಕ್ಕೆ ದಕ್ಷಿಣ ಫ್ಲೋರಿಡಾ ಹೇಗೋ ಹಾಗೆ. ಕೊಳ್ಳದೆ ಸೇವೆಯಾಗಿ ಪಡೆಯಬಹುದಾದ ಆಯ್ಕೆ ಇದು.

ಹಾಗಾದರೆ ಯಾರಿಗೆ ಯಾವುದು?

ಮೊದಲು ಗ್ರಾಹಕರ ಸ್ಪೆಸಿಫಿಕೇಶನ್ ನೋಡಿ. ಅದರಲ್ಲಿ ವಿಧಾನದ ಹೆಸರು ಬರೆದಿದ್ದರೆ ಚರ್ಚೆಗೆ ಜಾಗವಿಲ್ಲ, ಅದನ್ನೇ ಮಾಡಬೇಕು. ಕಾರಿನ ಭಾಗ ಮತ್ತು ಬಟ್ಟೆಯವರಿಗೆ ಸಾಮಾನ್ಯವಾಗಿ ಕ್ಸೆನಾನ್ ತಪ್ಪುವುದಿಲ್ಲ.

ಆಯ್ಕೆ ನಿಮ್ಮ ಕೈಯಲ್ಲೇ ಇದ್ದರೆ ನಾನು ಹೀಗೆ ಹೇಳುತ್ತೇನೆ. ಹೊಳಪು ಹೋಗುವುದು, ಪುಡಿ ಏಳುವುದು, ಬಿರುಕು, ಪೆಡಸಾಗುವುದು, ಪ್ಲಾಸ್ಟಿಕ್ ಹಳದಿಯಾಗುವುದು ಇವು ನಿಮ್ಮ ಚಿಂತೆಯಾದರೆ ಯುವಿಎ-340 ಟ್ಯೂಬಿನ ಪೆಟ್ಟಿಗೆ ಸಾಕು. ಕಟ್ಟಡದ ಬಣ್ಣ, ಪುಡಿ ಬಣ್ಣ, ಪಾಲಿಪ್ರೊಪಿಲೀನ್ ಕುರ್ಚಿ, ಪಾಲಿಕಾರ್ಬೊನೇಟ್ ಶೀಟು, ಪಿವಿಸಿ ಕೊಳವೆ ಎಲ್ಲ ಇದರಲ್ಲಿ ಬರುತ್ತವೆ. ಬಣ್ಣ ಮಾಸುವುದೇ ದೊಡ್ಡ ಚಿಂತೆಯಾದರೆ ಕ್ಸೆನಾನ್ ಬೇಕು. ಬಟ್ಟೆ, ಮುದ್ರಣದ ಶಾಯಿ, ಸಾವಯವ ವರ್ಣದ್ರವ್ಯದ ಗಾಢ ಬಣ್ಣಗಳು, ಕಿಟಕಿಯ ಹಿಂದೆ ಕೂರುವ ವಸ್ತುಗಳು ಈ ಗುಂಪು. ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್‌ಗಳಲ್ಲಿ ಕಪ್ಪು ಎಷ್ಟು ಕಾಯುತ್ತದೆ, ಬಿಳಿ ಎಷ್ಟು ಕಾಯುತ್ತದೆ ಅನ್ನುವ ವ್ಯತ್ಯಾಸ ಮುಖ್ಯವಾದಾಗಲೂ ಕ್ಸೆನಾನೇ. ಒಂದಕ್ಕೆ ಮಾತ್ರ ದುಡ್ಡಿರುವ ಸಣ್ಣ ಲ್ಯಾಬು ಯುವಿ ಪೆಟ್ಟಿಗೆ ತೆಗೆದುಕೊಂಡು, ಅಪರೂಪಕ್ಕೆ ಬರುವ ಕ್ಸೆನಾನ್ ಕೆಲಸವನ್ನು ಹೊರಗಿನ ಲ್ಯಾಬಿಗೆ ಕೊಡುವುದು ಒಳ್ಳೆಯದು. ಸರಿಯಾಗಿ ನೋಡಿಕೊಳ್ಳಲು ಆಗದ ಕ್ಸೆನಾನ್‌ಗಿಂತ ಅಚ್ಚುಕಟ್ಟಾಗಿ ನಡೆಯುವ ಟ್ಯೂಬಿನ ಪೆಟ್ಟಿಗೆ ನಂಬಿಕೆಗೆ ಯೋಗ್ಯ.

ಎರಡು ಕಂಪನಿಯ ಕೊಟೇಶನ್ ಮುಂದಿಟ್ಟುಕೊಂಡಾಗ

ಗಂಟೆಯನ್ನು ಗಂಟೆಯ ಜೊತೆ ಹೋಲಿಸಬೇಡಿ. ಸ್ವಲ್ಪ ಲೆಕ್ಕ ಮಾಡೋಣ. 340 ನ್ಯಾನೊಮೀಟರಿನಲ್ಲಿ ಚದರ ಮೀಟರಿಗೆ 0.35 ವ್ಯಾಟ್ ಇಟ್ಟು ಕ್ಸೆನಾನ್ 1000 ಗಂಟೆ ಓಡಿಸಿದರೆ ಸ್ಯಾಂಪಲ್‌ಗೆ ಬೀಳುವುದು ಚದರ ಮೀಟರಿಗೆ 1260 ಕಿಲೋಜೂಲ್. ಅದನ್ನೇ 0.51ಕ್ಕೆ ಏರಿಸಿದರೆ 1836. ಟ್ಯೂಬಿನ ಪೆಟ್ಟಿಗೆಯಲ್ಲಿ 0.89 ಇಟ್ಟು 8 ಗಂಟೆ ಬೆಳಕು, 4 ಗಂಟೆ ಇಬ್ಬನಿ ಸೈಕಲ್ ಹಾಕಿದರೆ 1000 ಗಂಟೆಯಲ್ಲಿ ಬೆಳಕು ಉರಿಯುವುದು ಸುಮಾರು 667 ಗಂಟೆ ಮಾತ್ರ, ಆದರೂ 2136 ಕಿಲೋಜೂಲ್ ಆಗುತ್ತದೆ. ಮೂರೂ ರಿಪೋರ್ಟಿನಲ್ಲಿ ‘1000 ಗಂಟೆ’ ಅಂತಲೇ ಬರೆದಿರುತ್ತದೆ! ಅಂದ ಹಾಗೆ, ಬೇಸಿಗೆಯ ನಡುಮಧ್ಯಾಹ್ನದ ಬಿಸಿಲು ಇದೇ ಅಳತೆಯಲ್ಲಿ 0.68ರ ಹತ್ತಿರ ಇರುತ್ತದೆ. ಕಿಲೋಜೂಲ್ ಲೆಕ್ಕ ಕೂಡ ಬೆಳಕಿನ ಪ್ರಮಾಣವನ್ನಷ್ಟೇ ಹೇಳುತ್ತದೆ, ನೀರು ಮತ್ತು ಬಿಸಿಯ ಲೆಕ್ಕ ಬೇರೆ.

ಬೆಳಕಿನ ತೀವ್ರತೆಯನ್ನು ತಾನೇ ಅಳೆದು ಸರಿಪಡಿಸಿಕೊಳ್ಳುವ ಸೆನ್ಸರ್ ಇಲ್ಲದ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತದೆ. ತೆಗೆದುಕೊಳ್ಳಬೇಡಿ. ಟ್ಯೂಬು ಹಳೆಯದಾದಂತೆ ಬೆಳಕು ಇಳಿಯುತ್ತಾ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಈ ತಿಂಗಳ ಫಲಿತಾಂಶ ಮುಂದಿನ ತಿಂಗಳದ್ದಕ್ಕೆ ಹೊಂದುವುದಿಲ್ಲ. ಸೆನ್ಸರ್ ಇದ್ದರೂ ಅದನ್ನು ಕ್ಯಾಲಿಬ್ರೇಟ್ ಮಾಡಲು ಯಾರು ಬರುತ್ತಾರೆ, ಮೀಟರನ್ನು ಎಲ್ಲಿಗೆ ಕಳಿಸಬೇಕು, ಎಷ್ಟು ದಿನ ಯಂತ್ರ ನಿಲ್ಲಬೇಕು ಅಂತ ಕೊಳ್ಳುವ ಮೊದಲೇ ಕೇಳಿ ಬರೆಸಿಕೊಳ್ಳಿ.

ಬಿಸಿ ಅಳೆಯುವ ಕಪ್ಪು ಪ್ಯಾನೆಲ್‌ನಲ್ಲೂ ಎರಡು ಬಗೆ ಇವೆ. ಒಂದು ಬರಿಯ ಲೋಹದ್ದು. ಇನ್ನೊಂದಕ್ಕೆ ಬೆನ್ನಿನಲ್ಲಿ ಶಾಖ ತಡೆಯುವ ಪ್ಲಾಸ್ಟಿಕ್ ಇರುತ್ತದೆ. ಅದೇ ಯಂತ್ರದಲ್ಲಿ ಎರಡನೆಯದು ಜಾಸ್ತಿ ಬಿಸಿ ತೋರಿಸುತ್ತದೆ. ಸ್ಟ್ಯಾಂಡರ್ಡ್ ಯಾವುದನ್ನು ಹೇಳುತ್ತದೋ ಆ ಪ್ಯಾನೆಲ್ಲೇ ಯಂತ್ರದ ಜೊತೆ ಬರುತ್ತದಾ ಅಂತ ನೋಡಿ.

ಸಾಧ್ಯವಾದರೆ ಕೊಳ್ಳುವ ಮೊದಲು ನಿಮ್ಮದೇ ಸ್ಯಾಂಪಲ್ ಕೊಟ್ಟು ಓಡಿಸಿ ನೋಡಿ. ಹೊರಗೆ ಹೇಗೆ ಬಾಳಿದೆ ಅಂತ ನಿಮಗೆ ಮೊದಲೇ ಗೊತ್ತಿರುವ ಐದಾರು ಬಣ್ಣ ಅಥವಾ ಪ್ಲಾಸ್ಟಿಕ್ ಆರಿಸಿ. ಕೆಲವು ಚೆನ್ನಾಗಿ ಬಾಳಿದವು, ಕೆಲವು ಬೇಗ ಕೆಟ್ಟವು, ಕೆಲವು ನಡುವಿನವು ಇರಲಿ. ಒಂದೊಂದರಲ್ಲೂ ಮೂರು ತುಂಡು ಇಡಿ, ಒಂದು ತುಂಡು ಕತ್ತಲೆಯಲ್ಲಿ ಎತ್ತಿಡಿ. ಹೊಳಪು, ಬಣ್ಣದ ಅಂತರ, ಎಳೆದಾಗ ಹಿಗ್ಗುವ ಅಳತೆ ಇವನ್ನು ಒಂದೇ ಸಲ ಕೊನೆಗೆ ನೋಡದೆ ಪ್ರತಿ 250 ಗಂಟೆಗೊಮ್ಮೆ ಬರೆದುಕೊಳ್ಳಿ. ಹೊರಗೆ ಯಾವುದು ಮೊದಲು ಕೆಟ್ಟಿತ್ತೋ ಯಂತ್ರದಲ್ಲೂ ಅದೇ ಮೊದಲು ಕೆಡುತ್ತದಾ, ಸರದಿ ಹೊಂದುತ್ತದಾ ಅಂತ ನೋಡಿ. ಸರದಿ ಹೊಂದಿದರೆ ಆ ಯಂತ್ರ, ಆ ಸೈಕಲ್ ನಿಮ್ಮದು. ಹೊಂದದಿದ್ದರೆ ಟ್ಯೂಬು ಅಥವಾ ಫಿಲ್ಟರ್ ಬದಲಿಸಿ, ನೀರಿನ ಹೊತ್ತು ಹೆಚ್ಚಿಸಿ ಮತ್ತೆ ಓಡಿಸಲು ಹೇಳಿ. ಯಂತ್ರ ಬಂದು ಕೂತ ದಿನವೇ ಅವೇ ಬಣ್ಣಗಳ ಇನ್ನೊಂದು ಸೆಟ್ಟನ್ನು ಬಯಲಿನ ಚೌಕಟ್ಟಿಗೆ ಹಾಕಿ, ಹಿಂದೆ ಅಳಿಸಿಹೋಗದ ಹಾಗೆ ತಾರೀಖು ಕೆತ್ತಿಡಿ.